ಪುಸ್ತಕ ಬರೆದಾಯಿತು, ಇನ್ನು ಅಚ್ಚಿನ ಮಾತು

ಕಳೆದ ಯುಗಾದಿಯ ಸರ್ವಸದಸ್ಯರ ಸಭೆಯಲ್ಲಿ ಲೆಕ್ಕಪತ್ರ ಓದಿ ಮುಗಿಸಿದಾಗ, "ಕೂಟದ ಆಸ್ತಿ" ಎಂಬುದರ ಕೆಳಗೆ "ಪುಸ್ತಕಗಳು, ಒಂಬತ್ತು ಪೆಟ್ಟಿಗೆ" ಎಂದು ಒಂದು ಸಾಲು ಇದ್ದುದನ್ನು ಹೊಸ ಸದಸ್ಯರೊಬ್ಬರು ಗಮನಿಸಿ, "ಯಾವ ಪುಸ್ತಕ ಸಾರ್? ಒಂಬತ್ತು ಪೆಟ್ಟಿಗೆ ಯಾಕೆ?" ಎಂದು ಕೇಳಿದರು. ಹಳಬರೆಲ್ಲ ಕಾಫಿ ಪಾತ್ರೆಯ ಕಡೆಗೆ ನೋಡಿದರು. ಉತ್ತರ ಹೇಳಬೇಕಾದವರು ಪುಸ್ತಕ ಸಮಿತಿಯ ನಾವು ಮೂವರು. ಅಂದು ಬಿಸಿಬೇಳೆ ಭಾತು ಆರುತ್ತಿದೆ ಎಂಬ ನೆಪದಲ್ಲಿ ತಪ್ಪಿಸಿಕೊಂಡೆವು. ಸಂಪಾದಕ ಮಿತ್ರರು ಬಿಡಲಿಲ್ಲ. ಅದೇ ಉತ್ತರವನ್ನು ಬರೆದು ಕೊಡಿ ಎಂದರು. ಅದೂ ಅಲ್ಲದೆ ಆ ಸಭೆಯ ಅನಂತರ ಕೂಟದಿಂದ ಇನ್ನೊಂದು ಪುಸ್ತಕ ಬೇರೊಂದು ದಾರಿಯಲ್ಲಿ ಹೊರಬಂದಿದೆ. ಅದನ್ನು ಕಂಡು ಐದಾರು ಜನ "ನನ್ನದೂ ಒಂದು ಹಸ್ತಪ್ರತಿ ಇದೆ, ಏನು ಮಾಡಲಿ?" ಎಂದು ಫೋನು ಮಾಡಿದ್ದಾರೆ. ಎಲ್ಲರಿಗೂ ಒಟ್ಟಿಗೆ ಇದೇ ಉತ್ತರ.

ಮೊದಲು ಪೆಟ್ಟಿಗೆಗಳ ಕಥೆ. 2009ರಲ್ಲಿ ಕೂಟದ ಸದಸ್ಯರ ಕಥೆ, ಕವನ, ಪ್ರಬಂಧಗಳ ಸಂಕಲನವೊಂದನ್ನು ತರುವುದೆಂದು ತೀರ್ಮಾನವಾಯಿತು. ಬೆಂಗಳೂರಿನ ಪ್ರಕಾಶಕರೊಬ್ಬರು ಒಪ್ಪಿಕೊಂಡರು. ಖರ್ಚೆಲ್ಲ ನಮ್ಮದು, ಹೆಸರು ಅವರದು. ಡೆಮಿ ಅಷ್ಟಮ ಆಕಾರ, 176 ಪುಟ, ಅಂದರೆ ಹದಿನಾರು ಪುಟದ ಹನ್ನೊಂದು ಫಾರಂ. "ಎಷ್ಟು ಪ್ರತಿ ಹಾಕೋಣ?" ಎಂದು ಕೇಳಿದರು. ನಾವು ಐನೂರು ಎಂದೆವು. "ಐನೂರಕ್ಕೂ ಸಾವಿರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಸಾರ್, ಸಾವಿರ ಹಾಕಿದರೆ ಒಂದೊಂದು ಪ್ರತಿ ಎಷ್ಟು ಅಗ್ಗ ಬೀಳುತ್ತೆ ನೋಡಿ" ಎಂದರು. ಡಾಲರಿನಲ್ಲಿ ಗುಣಿಸಿ ನೋಡಿದೆವು. ಚಿಲ್ಲರೆ ಕಾಸು ಎನಿಸಿತು. ಸಾವಿರ ಹಾಕಿಸಿದೆವು.

ಮುನ್ನೂರು ಪ್ರತಿ ಅಲ್ಲಿ ಮಾರಾಟಕ್ಕೆಂದು ಅವರೇ ಇಟ್ಟುಕೊಂಡರು. ಏಳುನೂರು ಪ್ರತಿ ಹದಿನಾಲ್ಕು ಪೆಟ್ಟಿಗೆಗಳಲ್ಲಿ ಹಡಗಿನ ಮೇಲೆ ಬಂದವು. ಬಿಡುಗಡೆಯ ದಿನ ನೂರಹದಿನೆಂಟು ಪ್ರತಿ ಖರ್ಚಾದುದು ನಿಜ. ಅಂದಿನ ಉತ್ಸಾಹ ನೋಡಿದ್ದರೆ ಎರಡನೆಯ ಮುದ್ರಣಕ್ಕೆ ಕಾಗದ ಕೊಂಡಿಡುತ್ತಿದ್ದೆವೋ ಏನೋ! ಆಮೇಲೆ ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಉಡುಗೊರೆ ಕೊಟ್ಟು ಕೊಟ್ಟು ಮೂರನೆಯ ಪೆಟ್ಟಿಗೆಯನ್ನು ಮುಗಿಸಿದೆವು. ಉಳಿದ ಹನ್ನೊಂದು ನಮ್ಮಲ್ಲೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಕೂತವು. ಅವರು ಎರಡು ಸಲ ಮನೆ ಬದಲಾಯಿಸಿದರು, ಪೆಟ್ಟಿಗೆಗಳೂ ಬದಲಾಯಿಸಿದವು. ಒಂದು ವಸಂತದಲ್ಲಿ ಹಿಮ ಕರಗಿ ನೆಲಮನೆಗೆ ನೀರು ನುಗ್ಗಿ ಎರಡು ಪೆಟ್ಟಿಗೆ ನೆಂದು ಹಪ್ಪಳವಾದವು. ಹೀಗೆ ಒಂಬತ್ತು. ಬೆಂಗಳೂರಿನ ಮುನ್ನೂರರ ಲೆಕ್ಕ ಇಂದಿಗೂ ಸಿಕ್ಕಿಲ್ಲ. ನಮ್ಮ ಬಳಿ ಇದ್ದದ್ದು ಒಂದು ಪುಟದ ಕಾಗದ. ಹಣ ಎಷ್ಟು, ಯಾವಾಗ ಕೊಡಬೇಕು ಎಂಬುದೆಲ್ಲ ಅದರಲ್ಲಿತ್ತು. ಮಾರಾಟದ ಲೆಕ್ಕ ಯಾರು ಕೊಡಬೇಕು, ಹಕ್ಕು ಯಾರದು, ಮರುಮುದ್ರಣ ಯಾರ ಇಷ್ಟ ಎಂಬುದು ಇರಲಿಲ್ಲ. ಅವರನ್ನು ದೂರುವುದಕ್ಕಿಂತ ಓದದೆ ಸಹಿ ಹಾಕಿದ ನಮ್ಮನ್ನೇ ದೂರಿಕೊಳ್ಳುವುದು ನ್ಯಾಯ.

ಇಷ್ಟಾದ ಮೇಲೆ ಪುಸ್ತಕದ ಗೊಡವೆಯೇ ಬೇಡವೆಂದು ಸುಮ್ಮನಿದ್ದೆವು. ಆಗ ಬಂದವು ಮೇಷ್ಟ್ರ ನೋಟ್‌ಬುಕ್ಕುಗಳು.

ಮೇಷ್ಟ್ರು ಎಂದರೆ ನಮ್ಮ ಕೂಟದಲ್ಲಿ ಬೇರೆ ವಿವರಣೆ ಬೇಡ. ವೃತ್ತಿಯಿಂದ ಇಂಜಿನಿಯರು. 1971ರಲ್ಲಿ ಈ ದೇಶಕ್ಕೆ ಬಂದವರು. ಭಾನುವಾರದ ಕನ್ನಡ ತರಗತಿಯಲ್ಲಿ ಮೂರು ದಶಕ ನಮ್ಮ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದ್ದರಿಂದ ಮೇಷ್ಟ್ರಾದರು. ಅರಸೀಕೆರೆ ಕಡೆಯ ತಮ್ಮ ಹಳ್ಳಿ, ತೆಂಗಿನ ತೋಟ, ತಾಯಿ, ಶಾಲೆಗೆ ನಡೆದ ದಾರಿ, ಆಮೇಲೆ ಇಲ್ಲಿಯ ಮೊದಲ ಚಳಿಗಾಲ, ಎಲ್ಲವನ್ನೂ ನಾಲ್ಕು ಉದ್ದನೆಯ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಈಗ ಅವರಿಗೆ ಎಂಬತ್ತಾರು. ಕಣ್ಣಿನ ನಟ್ಟನಡುವಿನ ದೃಷ್ಟಿ ಮಸುಕಾಗುತ್ತಿದೆ. ಅಂಚು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ನೋಟ್‌ಬುಕ್ಕು ಕೈಗಿಟ್ಟು ಹೇಳಿದರು: "ದುಡ್ಡಿನ ಯೋಚನೆ ನನಗಿಲ್ಲ ಕಣ್ರಯ್ಯಾ. ಅಚ್ಚಾದ್ದನ್ನ ನಾನೇ ಒಂದು ಸಲ ಓದಬೇಕು. ಬೇರೆಯವರು ಓದಿ ಹೇಳೋದಲ್ಲ. ಅದಕ್ಕೆ ಬೇಗ ಆಗಬೇಕು."

ಸರಿ, ಈ ಸಲ ದಾರಿ ಆರಿಸಿಕೊಳ್ಳುವುದಕ್ಕೆ ಮೂರು ತಿಂಗಳು ತೆಗೆದುಕೊಂಡೆವು.

ಮೊದಲು ಒಂದು ಸಂಕೋಚವನ್ನು ಕಳೆದುಕೊಳ್ಳಬೇಕಾಯಿತು. "ಸ್ವಂತ ಖರ್ಚಿನಲ್ಲಿ ಹಾಕಿಸಿಕೊಂಡರು" ಎಂಬ ಮಾತಿನಲ್ಲಿ, ಬೇರೆ ಯಾರೂ ಮುಟ್ಟಲಿಲ್ಲ ಎಂಬ ಚುಚ್ಚು ಇರುತ್ತದೆ. ಆದರೆ ಕನ್ನಡದ ಮಟ್ಟಿಗೆ ಈ ಚುಚ್ಚಿಗೆ ಅರ್ಥವೇ ಇಲ್ಲ. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ನಡೆದು ಮಾರಿದವರು. ಕಾರಂತರು ಪುತ್ತೂರಿನಲ್ಲಿ ತಮ್ಮದೇ ಅಚ್ಚುಕೂಟ ನಡೆಸಿದರು, ರಕ್ಷಾಪುಟದ ಚಿತ್ರವನ್ನೂ ತಾವೇ ಬರೆದುಕೊಂಡದ್ದುಂಟು. ಮಾಸ್ತಿಯವರ ಪುಸ್ತಕಗಳ ಮೇಲೆ ಜೀವನ ಕಾರ್ಯಾಲಯ, ಕುವೆಂಪು ಅವರ ಪುಸ್ತಕಗಳ ಮೇಲೆ ಉದಯರವಿ ಪ್ರಕಾಶನ. ಉದಯರವಿ ಎಂಬುದು ಮೈಸೂರಿನಲ್ಲಿ ಅವರ ಮನೆಯ ಹೆಸರೇ. ನಾವಿರುವ ಈ ದೇಶದಲ್ಲೂ ಹಾಗೆಯೇ. ವಾಲ್ಟ್ ವಿಟ್‌ಮನ್ 1855ರಲ್ಲಿ ತನ್ನ ಕವನಸಂಗ್ರಹವನ್ನು ಬ್ರೂಕ್ಲಿನ್ನಿನ ಒಂದು ಸಣ್ಣ ಅಚ್ಚುಕೂಟದಲ್ಲಿ ತನ್ನ ಖರ್ಚಿನಿಂದಲೇ ಹಾಕಿಸಿದ. ಕೆಲವು ಪುಟಗಳ ಮೊಳೆಯನ್ನು ತಾನೇ ಜೋಡಿಸಿದ. ಪ್ರತಿಗಳು 795.

ನಮಗೆ ಹತ್ತಿರದವನು ಅವನಲ್ಲ, ಥೋರೊ. ಅವನ ಮೊದಲ ಪುಸ್ತಕ 1849ರಲ್ಲಿ ಸಾವಿರ ಪ್ರತಿ ಅಚ್ಚಾಯಿತು, ಖರ್ಚಿನ ಹೊಣೆ ಅವನದೇ. 1853ರಲ್ಲಿ ಪ್ರಕಾಶಕ ಜಾಗ ಸಾಲದೆಂದು ಮಾರಾಟವಾಗದ 706 ಪ್ರತಿಗಳನ್ನು ಗಾಡಿಯಲ್ಲಿ ಮನೆಗೆ ಕಳುಹಿಸಿಕೊಟ್ಟ. ಅವನ್ನು ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸಿದ ಥೋರೊ, ನನ್ನ ಪುಸ್ತಕ ಭಂಡಾರದಲ್ಲಿ ಬಹುಪಾಲು ನಾನೇ ಬರೆದದ್ದು ಎಂಬರ್ಥದ ಮಾತನ್ನು ದಿನಚರಿಯಲ್ಲಿ ಬರೆದುಕೊಂಡ. ನಮ್ಮ ಬೇಸ್‌ಮೆಂಟಿನ ಮಿತ್ರರಿಗೆ ಈ ಸಂಗತಿ ತಿಳಿದ ದಿನ ಎಷ್ಟೋ ಸಮಾಧಾನವಾಯಿತಂತೆ.

ಈಗ ವ್ಯವಹಾರಕ್ಕೆ ಬರೋಣ. "ಯಾರ ಹತ್ತಿರ ಹಾಕಿಸೋಣ" ಎಂಬುದೇ ಮೊದಲ ಪ್ರಶ್ನೆ ಎಂದು 2009ರಲ್ಲಿ ತಿಳಿದಿದ್ದೆವು. ಅದು ತಪ್ಪು. ಮೊದಲು ಕೇಳಬೇಕಾದ್ದು, ಇದನ್ನು ಓದುವವರು ಎಷ್ಟು ಜನ, ಅವರು ಎಲ್ಲಿದ್ದಾರೆ ಎಂದು. ಇದಕ್ಕೆ ಉತ್ತರ ಸಿಕ್ಕಿದರೆ ಅಚ್ಚಿನ ದಾರಿ ತಾನಾಗಿ ಕಾಣುತ್ತದೆ.

ಆಫ್‌ಸೆಟ್ ಮುದ್ರಣದಲ್ಲಿ ಅಕ್ಷರ ಜೋಡಣೆ, ಪ್ಲೇಟು, ಯಂತ್ರವನ್ನು ಹದಕ್ಕೆ ತರುವುದು, ಇವಕ್ಕೆಲ್ಲ ಒಂದು ಪ್ರತಿಗೂ ಅಷ್ಟೇ ಖರ್ಚು, ಸಾವಿರಕ್ಕೂ ಅಷ್ಟೇ. ಪ್ರತಿ ಹೆಚ್ಚಾದಂತೆ ಬೆಳೆಯುವುದು ಕಾಗದ, ಶಾಯಿ ಮತ್ತು ಬೈಂಡಿಂಗ್ ಮಾತ್ರ. ಆದ್ದರಿಂದ ಬೆಂಗಳೂರಿನ ಪ್ರಕಾಶಕರು ಅಂದು ಹೇಳಿದ್ದು ಸುಳ್ಳೇನಲ್ಲ. ಮೇಷ್ಟ್ರ ಪುಸ್ತಕಕ್ಕೆ, 224 ಪುಟಕ್ಕೆ, ನಾವು ತರಿಸಿದ ಒಂದು ದರಪಟ್ಟಿ ಹೀಗಿತ್ತು: ಸಾವಿರ ಪ್ರತಿಯಾದರೆ ಒಂದಕ್ಕೆ 70 ರೂಪಾಯಿ, ಮುನ್ನೂರಾದರೆ 115 ರೂಪಾಯಿ. ನೋಡಿದ ಕೂಡಲೇ ಸಾವಿರವೇ ಲಾಭ ಎನಿಸುತ್ತದೆ. ಆದರೆ ಒಟ್ಟು ಮೊತ್ತ 70,000 ಮತ್ತು 34,500. ನಿಜವಾಗಿ ಓದುವವರು ಇನ್ನೂರೈವತ್ತು ಜನ ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಒಬ್ಬ ಓದುಗನಿಗೆ ತಗಲಿದ್ದು 280 ರೂಪಾಯಿ, ಎರಡನೆಯದರಲ್ಲಿ 138. ಪ್ರತಿಯ ಬೆಲೆ ಬೇರೆ, ಓದುಗನ ಬೆಲೆ ಬೇರೆ. ಇಷ್ಟು ಲೆಕ್ಕ ಹಾಕುವುದಕ್ಕೆ ನಮ್ಮಲ್ಲಿ ಇಬ್ಬರು ಎಂ.ಎಸ್. ಪದವೀಧರರಿಗೆ ಹದಿನೈದು ವರ್ಷ ಬೇಕಾಯಿತು!

ಓದುಗರನ್ನು ಎಣಿಸುವುದು ಹೇಗೆ? ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿ, ಮುಂಗಡ ಚಂದಾ ಕೊಟ್ಟ ಓದುಗರ ಬಲದ ಮೇಲೆ ಪುಸ್ತಕ ಹೊರಡಿಸಿದರು. ನಾವೂ ಅದನ್ನೇ ಮಾಡಿದೆವು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲದ ಮೇಜಿನ ಪಕ್ಕದಲ್ಲಿ ಒಂದು ಪಟ್ಟಿ ಇಟ್ಟೆವು. ಷರತ್ತು ಒಂದೇ: ಹೆಸರು ಬರೆದವರು ಹಣ ಈಗಲೇ ಕೊಡಬೇಕು. "ಖಂಡಿತ ತೊಗೋತೀವಿ" ಎಂದು ಬಾಯಲ್ಲಿ ಹೇಳಿದವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 2009ರಲ್ಲಿ ಅಂಥವರು ನಾನೂರು ಜನ ಇದ್ದರು. ಕೂಟದಿಂದ 94 ಪ್ರತಿ, ಸುತ್ತಲಿನ ರಾಜ್ಯಗಳ ಗೆಳೆಯರಿಂದ 41, ಕರ್ನಾಟಕದಲ್ಲಿರುವ ಮೇಷ್ಟ್ರ ಬಂಧುಗಳು ಹಾಗೂ ಸಹಪಾಠಿಗಳ ಮಕ್ಕಳಿಂದ 60. ಒಟ್ಟು 195. ಎರಡು ದೇಶ, ಇನ್ನೂರು ಓದುಗರು. ಇದಕ್ಕೆ ಆಫ್‌ಸೆಟ್ಟಿನ ಹಂಗೇ ಬೇಡ.

ಈಗ ಡಿಜಿಟಲ್ ಮುದ್ರಣವೆಂಬುದಿದೆ. ಪ್ಲೇಟಿಲ್ಲದೆ ಕಂಪ್ಯೂಟರಿನ ಕಡತದಿಂದ ನೇರವಾಗಿ ಅಚ್ಚಾಗುತ್ತದೆ. ಹತ್ತು ಪ್ರತಿ ಬೇಕಾದರೆ ಹತ್ತು, ನೂರು ಬೇಕಾದರೆ ನೂರು. ಪ್ರತಿಯೊಂದಕ್ಕೆ ಹೆಚ್ಚು ಬೀಳುತ್ತದೆ, ನಿಜ. ಬೆಂಗಳೂರಿನಲ್ಲಿ ನೂರು ಪ್ರತಿಗೆ ಒಂದಕ್ಕೆ 130 ರೂಪಾಯಿ ಹೇಳಿದರು, ಇಲ್ಲಿ ನಮ್ಮ ಪಕ್ಕದ ಊರಿನ ಮುದ್ರಕರು ಆರು ಡಾಲರಿನ ಆಸುಪಾಸು ಹೇಳಿದರು. ಆದರೆ ಪೆಟ್ಟಿಗೆ ಹೊರುವ ಕೆಲಸ ಇಲ್ಲ. ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದು, ಕೊಳ್ಳುವವರು ಕೇಳಿದಾಗ ಒಂದೊಂದೇ ಪ್ರತಿ ಅಚ್ಚು ಹಾಕಿ ಅಂಚೆಗೆ ಹಾಕುವ ಸಂಸ್ಥೆಗಳೂ ಇವೆ. ಬೆಂಗಳೂರಿನ ಪೋಥಿ ಅಂಥದೊಂದು. ಪರಸ್ಥಳದ ಓದುಗರು ಚದುರಿಹೋಗಿರುವ ಪುಸ್ತಕಕ್ಕೆ ಇದು ಒಳ್ಳೆಯ ಏರ್ಪಾಡು.

"ಇಲ್ಲಿಯ ಮುದ್ರಕನಿಗೆ ಕನ್ನಡ ಬರುತ್ತದೆಯೇ?" ಎಂದು ಒಬ್ಬರು ಆತಂಕ ಪಟ್ಟರು. ಬರುವುದು ಬೇಕಾಗಿಲ್ಲ. ಪುಟಗಳನ್ನು ನಾವೇ ಕಟ್ಟಿ, ಅಕ್ಷರಗಳು ಒಳಗೇ ಅಡಕವಾಗಿರುವಂತೆ ಪಿಡಿಎಫ್ ಮಾಡಿ ಕೊಟ್ಟರೆ ಯಂತ್ರಕ್ಕೆ ಅದು ಚಿತ್ರವಿದ್ದಂತೆ. ಪಕ್ಕದ ಊರಿನ ಆ ಮುದ್ರಕರು ಪ್ರತಿಯನ್ನು ತಲೆಕೆಳಗಾಗಿ ಹಿಡಿದು "ಚೆನ್ನಾಗಿ ಬಂದಿದೆ" ಎಂದು ಹೊಗಳಿದರು. ಚೆನ್ನಾಗಿಯೇ ಬಂದಿತ್ತು.

ಇ-ಪುಸ್ತಕದ ವಿಚಾರ ಎತ್ತಿದವರೂ ಉಂಟು. 2016ರ ಡಿಸೆಂಬರಿನಲ್ಲಿ ಅಮೆಜಾನಿನ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆಯಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಕನ್ನಡ ಇ-ಪುಸ್ತಕ ಮಾರುವ ಮೈಲ್ಯಾಂಗ್‌ನಂಥ ನಮ್ಮವರದೇ ಏರ್ಪಾಡುಗಳು ಬಂದಿವೆ, ಸಂತೋಷ. ಆದರೆ ಮೇಷ್ಟ್ರ ಚಂದಾದಾರರಲ್ಲಿ ಅರ್ಧಕ್ಕರ್ಧ ಎಪ್ಪತ್ತು ದಾಟಿದವರು; ಕೈಯಲ್ಲಿ ಹಿಡಿಯುವ ಪುಸ್ತಕ ಬೇಕೆಂದರು. ಅದನ್ನು ಮುಂದಕ್ಕೆ ಹಾಕಿದ್ದೇವೆ.

ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ತರಿಸುವುದು ನಮ್ಮವರೆಲ್ಲರ ನೆಚ್ಚಿನ ಉಪಾಯ. ಲೆಕ್ಕ ಹಾಕಿ ನೋಡಿ. ಈ ಆಕಾರದ 224 ಪುಟದ ಪುಸ್ತಕ, 70 ಜಿ.ಎಸ್.ಎಂ. ಕಾಗದದಲ್ಲಿ, ಸುಮಾರು ಕಾಲು ಕಿಲೋ ತೂಗುತ್ತದೆ. ವಿಮಾನದವರು ಒಂದು ಪೆಟ್ಟಿಗೆಗೆ ಬಿಡುವುದು 23 ಕಿಲೋ, ಪೆಟ್ಟಿಗೆಯ ತೂಕವೇ ನಾಲ್ಕು. ಎಪ್ಪತ್ತು ಪ್ರತಿಗೆ ಭರ್ತಿ. ಹಪ್ಪಳ, ಸಂಡಿಗೆ, ಸಾರಿನ ಪುಡಿ, ಮೊಮ್ಮಗನ ಜುಬ್ಬ ಎಲ್ಲವನ್ನೂ ಬಿಟ್ಟು ನಿಮ್ಮ ಪುಸ್ತಕ ಹೊತ್ತು ತರುವ ಸ್ನೇಹಿತರು ನಿಮಗೆ ಎಷ್ಟು ಜನ ಇದ್ದಾರೆ?

ಹಾಗಾದರೆ ಪ್ರಕಾಶಕರು ಬೇಡವೇ ಬೇಡವೆಂದು ನಾವು ಹೇಳುತ್ತಿಲ್ಲ. ಕರ್ನಾಟಕದ ಅಂಗಡಿಗಳಲ್ಲಿ ನಿಮ್ಮ ಕಾದಂಬರಿ ಇರಬೇಕು, ವಿಮರ್ಶೆ ಬರಬೇಕು, ಅಪರಿಚಿತರು ಓದಬೇಕು ಎಂಬ ಆಸೆ ಇದ್ದರೆ ಅಲ್ಲಿಯ ಒಳ್ಳೆಯ ಪ್ರಕಾಶಕರ ಮರ್ಜಿ ಕಾಯುವುದೇ ಸರಿ, ಎರಡು ವರ್ಷವಾದರೂ ಆಗಲಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕುವವರೂ ಪ್ರಕಾಶಕರೇ. ಇಲಾಖೆ ಪುಟಕ್ಕೆ ಇಷ್ಟು ಎಂದು ದರ ಕಟ್ಟುತ್ತದೆ. ಇನ್ನೊಂದು ಅನುಕೂಲವೂ ಉಂಟು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯಲ್ಲಿ ಒಂದು ಕಚೇರಿ ಇಟ್ಟು ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಇಲ್ಲಿಯ ವಿಶ್ವವಿದ್ಯಾನಿಲಯಗಳಿಗೂ ಹಂಚಿದೆ. ಷಿಕಾಗೊದಂಥ ಕಡೆ ಕನ್ನಡ ಪುಸ್ತಕಗಳ ಸಾಲು ಬೆಳೆದದ್ದು ಹೀಗೆ. ಬೆಂಗಳೂರಿನಲ್ಲಿ ಪ್ರಕಟವಾದ ಪುಸ್ತಕ ದೆಹಲಿಯ ಮೂಲಕ ನಮ್ಮ ಪಕ್ಕದ ರಾಜ್ಯಕ್ಕೆ ಬಂದೀತು. ನಮ್ಮ ಊರಿನಲ್ಲೇ ಪ್ರಕಟವಾದದ್ದನ್ನು ನಾವೇ ಕೈಯಾರೆ ಒಯ್ದು ಕೊಡಬೇಕು. ವಿಚಿತ್ರ, ಆದರೆ ನಿಜ.

ಪ್ರಕಾಶಕರು ನಿಮ್ಮಿಂದಲೇ ಹಣ ಕೇಳಿದರೆ ಮಾತ್ರ ಕಿವಿ ನೆಟ್ಟಗಾಗಲಿ. ಹಣ ನಿಮ್ಮದಾದರೆ ಹಕ್ಕೂ ನಿಮ್ಮದೇ ಎಂದು ಬರೆಸಿಕೊಳ್ಳಿ. ಪ್ರತಿಗಳ ಸಂಖ್ಯೆ, ಲೆಕ್ಕ ಕೊಡುವ ತಿಂಗಳು, ಉಳಿದ ಪ್ರತಿಗಳ ಗತಿ, ಪುಟ ಕಟ್ಟಿದ ಕಡತ ನಿಮ್ಮ ಕೈಗೆ ಬರಬೇಕೆಂಬುದು, ಇವೆಲ್ಲ ಕಾಗದದ ಮೇಲಿರಲಿ. ಆ ಕಡತ ನಮ್ಮ ಬಳಿ ಇದ್ದಿದ್ದರೆ 2009ರ ಪುಸ್ತಕದ ತಪ್ಪುಗಳನ್ನಾದರೂ ತಿದ್ದಬಹುದಾಗಿತ್ತು. ಐ.ಎಸ್.ಬಿ.ಎನ್. ಸಂಖ್ಯೆ ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿ. ಭಾರತದ ಪ್ರಕಾಶಕರಿಗೆ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಕೆನಡಾದಲ್ಲೂ ಉಚಿತ. ಈ ದೇಶದಲ್ಲಿ ಕೊಳ್ಳಬೇಕು. ನಾವು ವಿಚಾರಿಸಿದಾಗ ಒಂದಕ್ಕೆ 125 ಡಾಲರು, ಹತ್ತಕ್ಕೆ 295. ಕೂಟದ ಹೆಸರಿನಲ್ಲಿ ಹತ್ತು ಕೊಂಡಿಟ್ಟಿದ್ದೇವೆ. ಎಂಟು ಇನ್ನೂ ಇವೆ, ಬರೆಯುವವರು ಮುಂದೆ ಬರಲಿ.

ಎರಡು ಖರ್ಚಾದುದು ಏಕೆಂದು ಹೇಳಬೇಕು. ಒಂದು ಪುಸ್ತಕಕ್ಕೆ. ಇನ್ನೊಂದು ದೊಡ್ಡ ಅಕ್ಷರದ ಆವೃತ್ತಿಗೆ. ಬೇರೆ ಆವೃತ್ತಿಗೆ ಬೇರೆ ಸಂಖ್ಯೆ.

ಹನ್ನೆರಡು ಪಾಯಿಂಟಿನ ಅಕ್ಷರ ಮೇಷ್ಟ್ರಿಗೆ ಕಾಣುವುದಿಲ್ಲ. ಒಂದು ಹಾಳೆಯ ಮೇಲೆ ಬೇರೆ ಬೇರೆ ಗಾತ್ರದಲ್ಲಿ ಒಂದೇ ವಾಕ್ಯವನ್ನು ಅಚ್ಚು ಹಾಕಿ ಅವರ ಮುಂದಿಟ್ಟೆವು. ಇಪ್ಪತ್ತನಾಲ್ಕು ಪಾಯಿಂಟಿಗೆ ಬಂದಾಗ, ಭೂತಗನ್ನಡಿಯನ್ನು ಓರೆಯಾಗಿ ಹಿಡಿದು, ನಿಧಾನವಾಗಿ ಪೂರ್ತಿ ಓದಿದರು. ಅಕ್ಷರ ಎರಡರಷ್ಟಾದರೆ ಜಾಗ ನಾಲ್ಕರಷ್ಟು ಬೇಕು. ಹಾಳೆಯನ್ನು ಎರಡರಷ್ಟು ದೊಡ್ಡದು ಮಾಡಿದರೂ 448 ಪುಟ. ಎರಡು ಸಂಪುಟ ಮಾಡಿ, ಮೇಜಿನ ಮೇಲೆ ಚಪ್ಪಟೆಯಾಗಿ ಬಿಚ್ಚಿಕೊಳ್ಳುವಂತೆ ತಂತಿಸುರುಳಿ ಹಾಕಿಸಲು ನಿಶ್ಚಯಿಸಿದೆವು. ಪ್ರತಿಗಳು ಐದು. ಆಫ್‌ಸೆಟ್ಟಿನವರ ಬಳಿ ಐದು ಪ್ರತಿ ಎಂದಿದ್ದರೆ ನಕ್ಕುಬಿಡುತ್ತಿದ್ದರು.

ಮಧ್ಯೆ ಅಕ್ಷರ ಜೋಡಣೆಯ ತಾಪತ್ರಯ ಬೇಕಾದಷ್ಟಿತ್ತು. ನಾಲ್ಕು ನೋಟ್‌ಬುಕ್ಕನ್ನು ನಾಲ್ವರು ಹಂಚಿಕೊಂಡು ಬೆರಳಚ್ಚು ಮಾಡಿದರು. ಒಬ್ಬರದು ಹಳೆಯ ನುಡಿ ಅಕ್ಷರ, ಉಳಿದವರದು ಯೂನಿಕೋಡ್. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವಾಗ ಅರ್ಕಾವತ್ತುಗಳು ಪಕ್ಕದ ಅಕ್ಷರದ ಮೇಲೆ ಹಾರಿ ಕೂತವು. ನೀವು ಬರೆಯುವುದಾದರೆ ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಬರೆಯಿರಿ. ಇನ್ನು ಕರಡು ತಿದ್ದಿಕೊಟ್ಟ ಪರಿಚಿತರೊಬ್ಬರು ಬಹಳ ಓದಿಕೊಂಡವರು. ಮೇಷ್ಟ್ರು "ಎಡೆಮಟ್ಟೆ" ಎಂದು ಬರೆದಲ್ಲೆಲ್ಲ "ತೆಂಗಿನ ಗರಿ" ಮಾಡಿದ್ದರು. ಓದಿ ಹೇಳಿದಾಗ ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. "ನಮ್ಮನೆ ಒಲೆ ಉರಿದದ್ದು ಎಡೆಮಟ್ಟೆಯಿಂದ ಕಣ್ರಯ್ಯಾ. ಹಾಗೇ ಇರಲಿ." ಎಲ್ಲವನ್ನೂ ಹಿಂದಕ್ಕೆ ತಂದೆವು. ಎಲ್ಲವನ್ನೂ ತಂದೆವೆಂದು ತಿಳಿದಿದ್ದೆವು.

ಬೆಂಗಳೂರಿನಲ್ಲಿ ನೂರು ಪ್ರತಿ, ಇಲ್ಲಿ ನೂರನಲವತ್ತು, ದೊಡ್ಡ ಅಕ್ಷರದವು ಐದು. ದೊಡ್ಡ ಅಕ್ಷರದ ಮೊದಲ ಜೊತೆಯನ್ನು ಒಂದು ಶನಿವಾರ ಮೇಷ್ಟ್ರ ಮನೆಗೆ ತಲುಪಿಸಿ, ಅವರ ಮಗಳು ಕೊಟ್ಟ ಕಾಫಿ ಕುಡಿದು ಬಂದೆವು. ಅವರು ನಮ್ಮೆದುರಿಗೆ ತೆರೆಯಲಿಲ್ಲ. ಆರನೆಯ ದಿನ ರಾತ್ರಿ ಫೋನು ಬಂತು.

"ಮೊದಲನೇ ಸಂಪುಟ, 63ನೇ ಪುಟ ತೆಗೀರಯ್ಯಾ."

ತೆಗೆದೆವು.

"ನಮ್ಮವ್ವನ್ನ ನಾನು ಯಾವತ್ತೂ ಅಮ್ಮ ಅಂದೋನಲ್ಲ. ಅಲ್ಲಿ ಅಮ್ಮ ಆಗ್ಬಿಟ್ಟಿದ್ದಾಳೆ."

ಮೂವರು ಮೂರು ಸಲ ಕರಡು ನೋಡಿದ್ದೆವು. ನಮಗೆ ಕಾಣದ್ದು ಅವರಿಗೆ ಕಂಡಿತು. ಕ್ಷಮೆ ಕೇಳಿದೆವು. "ಅದಿರಲಿ, 64ಕ್ಕೆ ಹೋಗ್ತೀನಿ" ಎಂದು ಫೋನು ಇಟ್ಟರು.

ಇಲ್ಲಿಯ ನೂರನಲವತ್ತು ಇನ್ನೂ ಅಚ್ಚಾಗಿರಲಿಲ್ಲ. ಕಡತವನ್ನು ಅಂದು ರಾತ್ರಿಯೇ ತಿದ್ದಿ ಕಳುಹಿಸಿದೆವು. ಬೆಂಗಳೂರಿನ ನೂರು ಪ್ರತಿಗಳು ಆಗಲೇ ಅರಸೀಕೆರೆಯ ಬಸ್ಸು ಹತ್ತಿದ್ದವು. ಅವಕ್ಕೆ ಒಂದು ಸಾಲಿನ ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ ಅಂಟಿಸಲು ಮೇಷ್ಟ್ರ ಸೋದರಳಿಯ ಒಪ್ಪಿದ್ದಾರೆ.

ಮುಂಗಡ ಕೊಟ್ಟವರ ಪ್ರತಿಗಳನ್ನು ದೀಪಾವಳಿ ಕಾರ್ಯಕ್ರಮದ ದಿನ ಕಾಫಿ ಮೇಜಿನ ಎಡಗಡೆ ಹಂಚುತ್ತೇವೆ, ರಸೀತಿ ತನ್ನಿ. ಹೆಚ್ಚುವರಿ ಪ್ರತಿಗಳು ಐದು ಮಾತ್ರ ಇವೆ. ಮುಗಿದರೆ ಹೆಸರು ಬರೆಸಿ, ಹತ್ತು ಹೆಸರಾದ ಕೂಡಲೇ ಮತ್ತೆ ಹತ್ತು ಹಾಕಿಸುತ್ತೇವೆ. 2009ರ ಸಂಕಲನ ಅದೇ ಮೇಜಿನ ಬಲಗಡೆ ಇರುತ್ತದೆ. ಬೆಲೆ ಇಲ್ಲ. ದಯವಿಟ್ಟು ಎರಡೆರಡು ತೆಗೆದುಕೊಳ್ಳಿ.